ಎರಡು ನೀಲಿ, ಒಂದು ಹಳದಿ

ಜೂನ್ 4, ಸೋಮವಾರ

ಬಿಸಿಲು ಜೋರು, ಗಾಳಿ ಸಾಧಾರಣ. ಬೆಡ್‌ಶೀಟುಗಳು ಊಟದ ಹೊತ್ತಿಗೇ ಒಣಗಿದವು.

ಬಿಸಿಲು ಗಾಳಿ ಬರೆದಿಡುವ ಪದ್ಧತಿ ನಮ್ಮವರದು. ಹೋದ ವರ್ಷ ಇದೇ ವಾರ ಬಟ್ಟೆ ಎಷ್ಟು ಹೊತ್ತಿಗೆ ಒಣಗಿತು ಎಂದು ಗೊತ್ತಿದ್ದರೆ ಗಿರಾಕಿಗೆ ಸುಳ್ಳು ಹೇಳಬೇಕಾಗುವುದಿಲ್ಲ ಎನ್ನುತ್ತಿದ್ದರು. ಅವರು ಹೋದ ಮೇಲೆ ಲಾಂಡ್ರಿಯ ಜೊತೆ ಈ ದಿನಚರಿಯೂ ನನ್ನ ಕೈಗೆ ಬಂತು. ಹೈಸ್ಕೂಲು ಮುಗಿಸಿದವಳು ನಾನು. ಬಿಸಿಲಿನ ಜೊತೆಗೆ ನಾಲ್ಕು ಮಾತು ಹೆಚ್ಚಿಗೆ ಬರೆದರೆ ಕೇಳುವವರಿಲ್ಲ.

ಇವತ್ತು ಮೊಮ್ಮಗಳ ಪದವಿಯ ಫೋಟೋ ಕಟ್ಟು ಹಾಕಿಸಿ ತಂದು ಅಂಗಡಿಯ ಕಟ್ಟೆಯ ಮೇಲ್ಗಡೆ, ಬಾಗಿಲಲ್ಲಿ ನಿಂತವರಿಗೇ ಕಾಣುವ ಹಾಗೆ ತೂಗುಹಾಕಿಸಿದೆ. ಮೈಮೇಲಿನ ಕರಿ ಗೌನು ಬಾಡಿಗೆಯದು. ಎಮ್ಮೆ ಮೆಲುಕು ಹಾಕಿ ಉಗುಳಿದಂತಿತ್ತು. ನಾನೇ ಕೂತು ಇಸ್ತ್ರಿ ಮಾಡಿದ್ದೆ. ಫೋಟೋದಲ್ಲಿ ಒಂದು ಸುಕ್ಕು ಹುಡುಕಿ ತೋರಿಸಲಿ ಯಾರಾದರೂ.

ಇಸ್ತ್ರಿಯವನು ಬಗ್ಗಿ ಬಗ್ಗಿ ನೋಡಿದ. "ಅಮ್ಮಾವ್ರೇ, ನಮ್ ಮೆಣಸಮ್ಮ ನಗ್ತಾನೇ ಇಲ್ವಲ್ಲ?"

"ಓದಿದವರು ಹಲ್ಲು ಕಿಸಿಯೋದಿಲ್ಲ. ನೀನು ಕೆಳಗೆ ನೋಡು, ಕಾಲರ್ ಸುಡ್ತಿದೆ."

ಮೆಣಸು ಎಂದು ಹೆಸರಿಟ್ಟವಳು ನಾನೇ. ತೊಟ್ಟಿಲಲ್ಲಿದ್ದಾಗಲೇ ಅಷ್ಟು ಖಾರ. ಈಗ ರಸಾಯನಶಾಸ್ತ್ರ ಓದಿ ಮುಗಿಸಿದ್ದಾಳೆ. ಮುಂದೆ ಸಂಶೋಧನೆ, ಆಮೇಲೆ ಪ್ರೊಫೆಸರ್. ನಾಲ್ಕು ತಲೆಮಾರು ಸೋಪಿನ ನೊರೆಯಲ್ಲಿ ಕೈ ಅದ್ದಿದ ಮನೆಯಲ್ಲಿ ಸೋಪು ಯಾಕೆ ನೊರೆ ಕೊಡುತ್ತದೆ ಎಂದು ಬಲ್ಲವಳು ಇವಳೊಬ್ಬಳು.

ಜೂನ್ 9, ಶನಿವಾರ

ಬಿಸಿಲು. ಗಾಳಿ ಇಲ್ಲ. ದಪ್ಪ ಟವೆಲ್ಲುಗಳು ಸಂಜೆಯಾದರೂ ತೇವ.

ಬಿಸಿಲು ಬಿದ್ದ ಮೇಲೆ ಈ ಮನೆಯಲ್ಲಿ ಹಾಸಿಗೆ ಕಾಣಕೂಡದು. ಮದುವಣಗಿತ್ತಿಯಾಗಿ ಬಂದ ನನ್ನ ಸೊಸೆಗೂ ಈ ನಿಯಮ ಸಡಿಲಿಸಿರಲಿಲ್ಲ. ಮೆಣಸು ವಾರದಿಂದ ಊಟದ ಹೊತ್ತಿಗೆ ಏಳುತ್ತಿದ್ದಾಳೆ. ಇವತ್ತು ಹೋಗಿ ಹೊದಿಕೆ ಎಳೆದೆ.

"ಏನೇ, ಸೂರ್ಯ ನೆತ್ತಿಗೆ ಬಂದ."

"ಬರಲಿ ಬಿಡಜ್ಜಿ. ಅವನಿಗೆ ಮಾಡೋಕೆ ಕೆಲಸ ಇದೆ. ನೀನೂ ಹೋಗು."

ಈ ಮನೆಯಲ್ಲಿ ನನಗೆ ನೀನು ಎನ್ನುವವಳು ಅವಳೊಬ್ಬಳೇ. ಮಗನೇ ಅನ್ನುವುದಿಲ್ಲ. ತಿದ್ದಬೇಕು ಎಂದುಕೊಳ್ಳುತ್ತೇನೆ, ಯಾಕೋ ಬಿಟ್ಟುಬಿಡುತ್ತೇನೆ.

ಜೂನ್ 17, ಭಾನುವಾರ

ಬೆಳಿಗ್ಗೆ ಮೋಡ, ಮಧ್ಯಾಹ್ನ ಬಿಸಿಲು.

ಸಂಶೋಧನೆಗೆ ಸೀಟು ಸಿಗಲಿಲ್ಲವಂತೆ. ಅರ್ಜಿ ಹಾಕಿದ ಕಡೆಯೆಲ್ಲ ಇಲ್ಲ ಎಂದಿದ್ದಾರೆ. ಊಟಕ್ಕೆ ಕೂತಾಗ, ಉಪ್ಪು ಕೊಡಿ ಎಂದಷ್ಟೇ ಸಲೀಸಾಗಿ ಹೇಳಿದಳು. ಮಗ "ಮುಂದಿನ ವರ್ಷ ಹಾಕಿದರಾಯ್ತು" ಎಂದ. ನಾನು ಸುಮ್ಮನೆ ಬಿಡುವವಳಲ್ಲ.

"ಮೀಸೆಗೆ ಮಣ್ಣಾದರೆ ಒರೆಸ್ಕೊಂಡು ಏಳಬೇಕು. ಅಲ್ಲೇ ಮಲಗಿಬಿಡೋದಲ್ಲ."

"ನನಗೆ ಮೀಸೆ ಇಲ್ಲಜ್ಜಿ" ಎಂದಳು. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ತಟ್ಟೆ ತೊಳೆದಿಟ್ಟು ಕೋಣೆಗೆ ಹೋದಳು. ತಟ್ಟೆಯಲ್ಲಿದ್ದುದೆಲ್ಲ ಕಸದ ಬುಟ್ಟಿಯಲ್ಲಿತ್ತು.

ಸಂಜೆ ಸೊಸೆ ನನ್ನ ಪಕ್ಕ ನಿಂತು ಸಾಕ್ಸು ಜೋಡಿಸುತ್ತ ತಗ್ಗಿದ ದನಿಯಲ್ಲಿ, "ಅತ್ತೆ, ಅವಳು ತಲೆ ಬಾಚಿ ಎಷ್ಟು ದಿನ ಆಯ್ತು ನೋಡಿದ್ರಾ? ಒಂದ್ಸಲ ಡಾಕ್ಟರಿಗೆ ತೋರಿಸೋಣ್ವಾ?" ಎಂದಳು.

"ಏನು ಕಾಯಿಲೆ ಅಂತ ಹೇಳ್ತೀಯ? ಸೋಮಾರಿತನಕ್ಕೆ ಔಷಧಿ ಇದ್ದಿದ್ರೆ ನಿನ್ನ ಗಂಡನಿಗೇ ಮೊದಲು ಕುಡಿಸ್ತಿದ್ದೆ."

ಅವಳು ಸಾಕ್ಸನ್ನು ತಪ್ಪಾಗಿ ಜೋಡಿಸಿದಳು. ಬಿಚ್ಚಿ ಸರಿಮಾಡಿದೆ.

ಜೂನ್ 26, ಮಂಗಳವಾರ

ಬಿಸಿಲು, ಒಳ್ಳೆಯ ಗಾಳಿ.

ಸಂಗೀತದ ಮೇಷ್ಟ್ರು ತೀರಿಕೊಂಡು ತಿಂಗಳಾಯಿತು. ಅವರ ಹೆಂಡತಿ ಗಂಡನ ಬಟ್ಟೆಯೆಲ್ಲ ಗಂಟು ಕಟ್ಟಿ ತಂದಿದ್ದರು. ಒಗೆದುಕೊಟ್ಟರೆ ಅನಾಥಾಶ್ರಮಕ್ಕೆ ಕೊಡುತ್ತಾರಂತೆ. ಇಂಥ ಬಟ್ಟೆಯನ್ನು ನಾನು ಬೇರೆಯವರ ಕೈಗೆ ಕೊಡುವುದಿಲ್ಲ. ಬಾಗಿಲ ಬಳಿ ಬೆಳಕಿಗೆ ಕೂತು ಗುರುತು ಬಿಚ್ಚುತ್ತಿದ್ದೆ. ಅಷ್ಟರಲ್ಲಿ ಮೆಣಸು ಕೆಳಗಿಳಿದು ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತಳು. ಎಷ್ಟೋ ದಿನಗಳ ಮೇಲೆ ಅಂಗಡಿಗೆ ಇಳಿದಿದ್ದಾಳೆ.

"ಅಜ್ಜಿ, ಇದನ್ನ ಯಾಕೆ ಬಿಚ್ಚಬೇಕು? ಹಾಗೇ ಕೊಟ್ಟರೆ ಏನಾಗುತ್ತೆ?"

ಇಲ್ಲೇ ಬೆಳೆದವಳಿಗೆ ಗೊತ್ತಿರಬೇಕಾದದ್ದು. ಆದರೂ ಕೇಳಿದಳಲ್ಲ ಎಂದು ಹೇಳಿದೆ. ನಮ್ಮ ಲಾಂಡ್ರಿಯಲ್ಲಿ ಶಾಯಿಯ ನಂಬರಿಲ್ಲ, ದಾರದ ಗುರುತು. ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಹೊಲಿಗೆ, ಕಾಲರಿನ ಒಳಗೆ. ಗುರುತಿಲ್ಲದ ಬಟ್ಟೆ ರಾಶಿಯಲ್ಲಿ ಕಳೆದುಹೋಗುತ್ತದೆ. ಮನೆಯವರ ಬಟ್ಟೆಯೂ ಅದೇ ನೀರಿಗೆ ಬೀಳುವುದರಿಂದ ನಮಗೂ ಇದೆ. ಇವಳದು ಎರಡು ನೀಲಿ, ಒಂದು ಹಳದಿ, ಹುಟ್ಟಿದ ವಾರ ಪುಟ್ಟ ಅಂಗಿಗೆ ನಾನೇ ಹಾಕಿದ್ದು. ಗಿರಾಕಿ ಊರು ಬಿಟ್ಟರೆ ಅಥವಾ ತೀರಿಕೊಂಡರೆ ಗುರುತು ಬಿಚ್ಚುತ್ತೇವೆ. ಆಮೇಲೆ ಅದು ಹೊಸಬರಿಗೆ.

"ಎರಡಕ್ಕೂ ಒಂದೇ ತರವಾ?"

"ಬಿಚ್ಚೋದು ಒಂದೇ ತರ. ಮಡಿಸೋದು ಬೇರೆ. ಊರು ಬಿಡೋರ ಅಂಗಿಗೆ ಕುತ್ತಿಗೆವರೆಗೂ ಗುಂಡಿ ಹಾಕಿ ಮಡಿಸ್ತೀವಿ. ತೀರಿಕೊಂಡವರದಕ್ಕೆ ಒಂದು ಗುಂಡಿನೂ ಹಾಕಬಾರದು. ನಿಮ್ಮ ತಾತ ಹಾಕ್ಕೊಟ್ಟ ಪದ್ಧತಿ."

ನನ್ನ ಕೈಯಿಂದ ಮೇಷ್ಟ್ರ ಒಂದು ಜುಬ್ಬ ತೆಗೆದುಕೊಂಡು, ಬಟ್ಟೆ ಹರಿಯದ ಹಾಗೆ, ಎಷ್ಟು ನಾಜೂಕಾಗಿ ದಾರ ಬಿಚ್ಚಿದಳು! ಕಸುಬು ರಕ್ತದಲ್ಲಿದೆ.

ಜುಲೈ 5, ಗುರುವಾರ

ಮೋಡ. ಏನೂ ಒಣಗಲಿಲ್ಲ. ಅವಳೂ ಏಳಲಿಲ್ಲ.

ಜುಲೈ 12, ಗುರುವಾರ

ಮೋಡ ಚೆದುರಿತು. ಬಿಸಿಲು ಹದವಾಗಿತ್ತು.

ಗದರಿದ್ದು ಕೊನೆಗೂ ಕೆಲಸಕ್ಕೆ ಬಂತು. ನಾನು ಏಳುವ ಮೊದಲೇ ಮೆಣಸು ಎದ್ದು, ಸ್ನಾನ ಮಾಡಿ, ತಲೆ ಬಾಚಿ ಹಾಸಿಗೆ ಸುತ್ತಿಟ್ಟಿದ್ದಳು. ಮುಖ ತಿಳಿಯಾಗಿದೆ, ಕಲಕಿದ ನೀರು ನಿಂತಂತೆ. ಓದಿದ ಪುಸ್ತಕಗಳನ್ನೆಲ್ಲ ಕಾಲೇಜಿನ ಲೈಬ್ರರಿಗೆ ಕೊಟ್ಟು ಬಂದಳು. ಸೈಕಲ್ಲನ್ನು ಇಸ್ತ್ರಿಯವನ ಮಗಳಿಗೆ ಕೊಟ್ಟಳು. ಅವನು ಕಣ್ಣಲ್ಲಿ ನೀರು ತಂದುಕೊಂಡು "ಮೆಣಸಮ್ಮ ಈಗ ಬೆಲ್ಲ ಆಗಿಬಿಟ್ರು ಅಮ್ಮಾವ್ರೇ" ಎಂದ.

ಇನ್ನೊಂದು ಮಾತು. ಇವತ್ತು ನನಗೆ "ನೀವು ಕೂತ್ಕೊಳ್ಳಿ ಅಜ್ಜಿ, ನಾನು ಮಾಡ್ತೀನಿ" ಎಂದಳು. ಹೇಳಿಕೊಡದೆಯೇ ಮರ್ಯಾದೆ ಬಂತು. ಸೊಸೆಗೆ "ನೋಡಿದೆಯಾ, ಡಾಕ್ಟರು ಬೇಕಿತ್ತಾ?" ಎಂದೆ. ಅವಳು ಸೈಕಲ್ಲು ನಿಲ್ಲುತ್ತಿದ್ದ ಜಾಗ ಗುಡಿಸತೊಡಗಿದಳು.

ಜುಲೈ 18, ಬುಧವಾರ

ಬಿಸಿಲು, ಗಾಳಿ ಎರಡೂ. ಇಂಥ ದಿನ ಅಪರೂಪ.

ಬೀದಿ ತುದಿಯಲ್ಲಿ ಹೊಸ ಹಲ್ಲಿನ ಡಾಕ್ಟರು ಅಂಗಡಿ ತೆರೆದಿದ್ದಾರೆ. ಬಿಳಿ ಕೋಟು, ಟವೆಲ್ಲು, ದಿನಾ ಒಂದು ಗಂಟು. ಒಳ್ಳೆಯ ಗಿರಾಕಿ. ಯಾವ ಗುರುತು ಕೊಡುವುದು ಎಂದು ದಾರದ ಡಬ್ಬಿ ಮುಂದಿಟ್ಟುಕೊಂಡು ಕೂತಿದ್ದೆ. ಬಣ್ಣಗಳೆಲ್ಲ ಹಂಚಿಹೋಗಿವೆ, ಮೇಷ್ಟ್ರದೂ ಆಗಲೇ ಹೊಸಬರಿಗೆ ಹೋಗಿದೆ; ಕರಿಯೊಂದು ಉಳಿದಿದೆ, ಬಿಳಿ ಕೋಟಿಗೆ ಅದು ಒಪ್ಪುವುದಿಲ್ಲ. ಮೆಣಸು ಬಂದು ಹಿಂದೆ ನಿಂತಳು.

"ನನ್ನದನ್ನೇ ಕೊಟ್ಟುಬಿಡಿ ಅಜ್ಜಿ. ಇನ್ನು ಸ್ವಲ್ಪ ದಿನಕ್ಕೆ ಅದು ಖಾಲಿ ಆಗುತ್ತೆ."

"ಯಾಕೆ, ಎಲ್ಲಿಗೆ ಹೊರಟೆ?"

ನಕ್ಕಳು. ತಿಂಗಳುಗಳ ಮೇಲೆ ನಕ್ಕದ್ದು. "ಹೇಳ್ತೀನಿ" ಎಂದು ಮೇಲೆ ಹೋದಳು.

ನನಗೆ ಆಗಲೇ ಹೊಳೆಯಿತು. ಕೆಲಸ ಸಿಕ್ಕಿದೆ, ಬೇರೆ ಊರಲ್ಲಿ. ಕಾಗದ ಕೈಗೆ ಬರುವ ತನಕ ಬಾಯಿ ಬಿಡುವುದಿಲ್ಲ. ಮೊದಲು ಸೀಟಿನ ವಿಷಯ ಹೇಳಿ ಮುಖಭಂಗವಾಗಿದೆಯಲ್ಲ, ಈಗ ಹುಷಾರಾಗಿದ್ದಾಳೆ. ಎಷ್ಟಾದರೂ ನನ್ನ ಮೊಮ್ಮಗಳು. ಪುಸ್ತಕ ಕೊಟ್ಟದ್ದು, ಸೈಕಲ್ಲು ಕೊಟ್ಟದ್ದು, ಎಲ್ಲ ಕೂಡಿಸಿ ನೋಡಿದರೆ ಲೆಕ್ಕ ಸರಿಹೋಯಿತು. ಔಷಧಿ ಅಂಗಡಿಯವರ ಹೆಂಡತಿ ಸಂಜೆ ಬಂದಾಗ, ಹೇಳಬಾರದೆಂದಿದ್ದರೂ ಹೇಳಿಬಿಟ್ಟೆ. ದೊಡ್ಡ ಕಂಪನಿ ಎಂದೂ ಸೇರಿಸಿದೆ. ಸಣ್ಣ ಕಂಪನಿಗೆ ಇವಳು ಹೋಗುವುದುಂಟೇ?

ಡಾಕ್ಟರ ಕೋಟುಗಳಿಗೆ ಸದ್ಯಕ್ಕೆ ಕಾಗದದ ಚೀಟಿ ಸಿಕ್ಕಿಸಿದ್ದೇನೆ.

ಜುಲೈ 25, ಬುಧವಾರ

ಬಿಸಿಲು ಮಂಕು. ಗಾಳಿ ಬೀಸಿ ಬೀಸಿ ನಿಲ್ಲುತ್ತಿತ್ತು.

ಒಂದು ಸೂಟ್‌ಕೇಸು ತಂದೆ. ಗಟ್ಟಿಯಾದದ್ದು, ಚಕ್ರದ್ದು. ಅವಳ ಕೋಣೆಗೆ ಉರುಳಿಸಿಕೊಂಡು ಹೋಗಿ ಮುಂದೆ ನಿಲ್ಲಿಸಿದೆ. "ನನಗೇನೂ ಗೊತ್ತಿಲ್ಲ ಅಂತ ತಿಳ್ಕೊಂಡಿದ್ದೀಯಾ?"

ಅವಳ ಮುಖ ಸುಣ್ಣದಂತಾಯಿತು. ಸೂಟ್‌ಕೇಸನ್ನೂ ನನ್ನನ್ನೂ ನೋಡಿದಳು. "ಏನು ಗೊತ್ತು ಅಜ್ಜಿ?"

"ಊರು ಬಿಡ್ತೀಯ ಅಂತ. ಯಾವತ್ತು ಹೊರಡೋದು?"

ಅವಳು ಉಸಿರು ಬಿಟ್ಟಳು. ಕಾಲಿಗೆ ಬಗ್ಗಿದವಳು ಎಷ್ಟು ಹೊತ್ತಾದರೂ ಏಳಲಿಲ್ಲ. ನನ್ನ ಪಾದ ಒದ್ದೆಯಾಯಿತು. ಊರು ಬಿಡುವುದೆಂದರೆ ಸುಮ್ಮನೆಯೇ? ನಾನೂ ಅತ್ತಿದ್ದೆ ಮದುವೆಯಾದಾಗ.

ಸೊಸೆಯದು ಬೇರೆ ರಾಗ. "ನಿನ್ನೆ ನನಗೆ ಫೋನಲ್ಲಿ ಕರೆಂಟ್ ಬಿಲ್ ಕಟ್ಟೋದು ಹೇಳ್ಕೊಟ್ಟಳು ಅತ್ತೆ. ಇನ್ಮೇಲೆ ನೀನೇ ಕಟ್ಟಬೇಕಮ್ಮ ಅಂದಳು. ಆಮೇಲೆ ಸುಮ್ಮನೆ ತಬ್ಕೊಂಡು ನಿಂತಿದ್ದಳು. ಯಾಕೋ ನನಗೆ ಸರಿ ಕಾಣ್ತಿಲ್ಲ."

"ಊರು ಬಿಡೋ ಮಕ್ಕಳು ಹಾಗೇ."

ಇಸ್ತ್ರಿಯವನೂ ಒಂದು ಮಾತು ಎಸೆದ. ವಾರದಿಂದ ತಾರಸಿಯಲ್ಲಿ ಬಟ್ಟೆ ಒಣಹಾಕುವ ಕೆಲಸ ಮೆಣಸೇ ಮಾಡುತ್ತಿದ್ದಾಳೆ. "ಹಾಕಿ ಆದ ಮೇಲೂ ಅಲ್ಲೇ ನಿಂತು ಕೆಳಗೆ ನೋಡ್ತಿರ್ತಾರೆ ಅಮ್ಮಾವ್ರೇ. ಬೀದಿಯಿಂದ ಕೂಗಿದೆ, ಕಿವಿಗೇ ಬೀಳಲಿಲ್ಲ."

"ಹುಟ್ಟಿದ ಬೀದಿ. ಕಣ್ತುಂಬಾ ನೋಡ್ಕೊಳ್ಳಲಿ ಬಿಡು" ಎಂದೆ.

ಬಾಯಿಗೆ ಏನೂ ರುಚಿಸುತ್ತಿಲ್ಲ. ವಯಸ್ಸು.

ಜುಲೈ 28, ಶನಿವಾರ

ಊಟದ ಹೊತ್ತಿಗಿಂತ ಮುಂಚೆ. ಮಗ ವ್ಯಾನಿನಲ್ಲಿ ಬಟ್ಟೆ ಕೊಡಲು ಹೋಗಿದ್ದ. ಸೊಸೆ ಕಟ್ಟೆಯಲ್ಲಿದ್ದಳು. ಊರೂರ ಸೋಪು ಮೊಮ್ಮಗಳ ಮೈಗೆ ಆಗುವುದಿಲ್ಲ, ನಮ್ಮದೇ ನಾಲ್ಕು ಬಿಲ್ಲೆ ಸೂಟ್‌ಕೇಸಿನಲ್ಲಿಡೋಣ ಎಂದು ಅವಳ ಕೋಣೆಗೆ ಹೋದೆ. ಸೂಟ್‌ಕೇಸು ನಾನು ನಿಲ್ಲಿಸಿದ ಜಾಗದಲ್ಲೇ ಇತ್ತು. ಅಂಗಡಿಯ ಚೀಟಿಯನ್ನೂ ಕಿತ್ತಿರಲಿಲ್ಲ. ತೆರೆದರೆ ಖಾಲಿ.

ಬೀರು ತೆರೆದೆ. ಬಟ್ಟೆಯೆಲ್ಲ ಅಂಗಡಿಯ ಮಡಿಕೆಯಲ್ಲಿ ಒಂದೇ ರಾಶಿ. ಮೇಲಿನ ಅಂಗಿಯ ಕಾಲರು ತಿರುವಿದೆ, ನೀಲಿ ಇಲ್ಲ, ಹಳದಿ ಇಲ್ಲ, ಸೂಜಿಯ ತೂತುಗಳು ಮಾತ್ರ. ಅದರ ಕೆಳಗಿನದೂ ಹಾಗೇ. ಎಲ್ಲವೂ. ಸರಿ, ಊರು ಬಿಡುವವಳು ಬಿಚ್ಚಿದ್ದಾಳೆ ಎಂದುಕೊಂಡು ರಾಶಿಯನ್ನು ಸರಿಯಾಗಿಡಲು ಎತ್ತಿದೆ. ಮೇಲಿನದು ಜಾರಿ ಬಿಚ್ಚಿಕೊಂಡಿತು. ಗುಂಡಿ ಹಾಕಿದ ಅಂಗಿ ಹಾಗೆ ಬಿಚ್ಚಿಕೊಳ್ಳುವುದಿಲ್ಲ.

ಒಂದಕ್ಕೂ ಗುಂಡಿ ಹಾಕಿರಲಿಲ್ಲ.

ಮೊದಲು ನನ್ನ ಕೈಗೆ ಗೊತ್ತಾಯಿತು. ನನಗೆ ಆಮೇಲೆ.

ಮೊಣಕಾಲು ಕೆಟ್ಟ ಮೇಲೆ ನಾನು ತಾರಸಿ ಹತ್ತಿದವಳಲ್ಲ. ಹೇಗೆ ಹತ್ತಿದೆನೋ ತಿಳಿಯದು. ಮೇಲೆ ಹಗ್ಗದ ತುಂಬ ಬೆಡ್‌ಶೀಟುಗಳು ಉಬ್ಬಿಕೊಂಡು ಹಾರುತ್ತಿದ್ದವು. ಒಂದನ್ನು ಸರಿಸಿದರೆ ಇನ್ನೊಂದು. ಮೂಲೆಯಲ್ಲಿ ಚಪ್ಪಲಿ ಜೋಡಿಸಿ ಬಿಟ್ಟಿತ್ತು. ಅವಳು ಬರಿಗಾಲಲ್ಲಿ, ನನಗೆ ಬೆನ್ನು ಮಾಡಿ, ಮೋಟು ಗೋಡೆಗೆ ತೀರಾ ಹತ್ತಿರ ನಿಂತಿದ್ದಳು.

ಕೂಗಬೇಕೆಂದು ಬಾಯಿ ತೆರೆದೆ. ಕೂಗಿದರೆ ಏನಾಗುತ್ತದೋ ಎಂದು ಮುಚ್ಚಿದೆ. ಕೈಗೆ ಸಿಕ್ಕ ಬೆಡ್‌ಶೀಟನ್ನು ಹಗ್ಗದಿಂದ ಎಳೆದು, ಕೆಳಗೆ ಅಂಗಡಿಯಲ್ಲಿ ಆಡುವ ದನಿಯಲ್ಲೇ ಆಡಿದೆ.

"ಲೇ ಮೆಣಸು, ಬಂದು ಇದರ ತುದಿ ಹಿಡ್ಕೋ. ಒಬ್ಬಳ ಕೈಲಿ ಮಡಿಸೋಕಾಗಲ್ಲ."

ಬಹಳ ಹೊತ್ತು ತಿರುಗಲಿಲ್ಲ. ಆಮೇಲೆ ತಿರುಗಿದಳು. ಕಣ್ಣು ನನ್ನನ್ನು ನೋಡುತ್ತಿರಲಿಲ್ಲ. "ಅದು ಇನ್ನೂ ಹಸಿ ಇದೆ ಅಜ್ಜಿ."

"ಇರಲಿ. ಹಿಡಿ."

ಅಕ್ಷರ ಕಲಿಯುವ ಮೊದಲೇ ನನ್ನ ಎದುರು ನಿಂತು ಬೆಡ್‌ಶೀಟು ಮಡಿಸಲು ಕಲಿತವಳು. ಕೈ ತಾನಾಗಿ ಮುಂದೆ ಬಂತು. ಎರಡು ತುದಿ ಅವಳು, ಎರಡು ತುದಿ ನಾನು. ಎಳೆದು ಒದರಿದೆವು. ಉದ್ದಕ್ಕೆ ಒಂದು ಮಡಿಕೆ. ಮತ್ತೊಂದು. ಆಮೇಲೆ ಅಡ್ಡಕ್ಕೆ. ಅಡ್ಡ ಮಡಿಕೆಗೆ ಒಬ್ಬರು ನಡೆದು ಇನ್ನೊಬ್ಬರ ಹತ್ತಿರ ಬರಬೇಕು. ಯಾವಾಗಲೂ ಚಿಕ್ಕವರೇ ಬರುವುದು. ಅವಳು ಗೋಡೆ ಬಿಟ್ಟು ಬಂದಳು, ತುದಿಯನ್ನು ನನ್ನ ಕೈಗಿಟ್ಟು, ಕೆಳಗೆ ಜೋತ ಮಡಿಕೆ ಹಿಡಿದುಕೊಂಡು ಹಿಂದೆ ಸರಿದಳು. ಅವಳು ಹಿಂದೆ ಸರಿದ ಆ ನಾಲ್ಕು ಹೆಜ್ಜೆಯಷ್ಟು ಉದ್ದದ ಹೊತ್ತನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಮತ್ತೆ ಬಂದಳು. ಕೊನೆಯ ಮಡಿಕೆಗೆ ಅವಳ ಬೆರಳು ನನ್ನ ಬೆರಳಿಗೆ ತಾಗಿತು.

ನಾನು ಬೆಡ್‌ಶೀಟು ಬಿಟ್ಟೆ. ಒಗೆದ ಬಟ್ಟೆ ನೆಲಕ್ಕೆ ಬಿತ್ತು. ಅವಳ ಮಣಿಕಟ್ಟು ಬಿಡಲಿಲ್ಲ.

"ನಿನ್ನ ಬೀರು ನೋಡಿದೆ" ಎಂದೆ. "ಸಾಯಬೇಕು ಅನ್ನಿಸ್ತಿದೆಯಾ?"

"ಹೂಂ."

ಸುಳ್ಳು ಹೇಳುತ್ತಾಳೆ, ಇಲ್ಲ ಎನ್ನುತ್ತಾಳೆ ಎಂದು ಕಾದಿದ್ದೆನೇನೋ. ಅಲ್ಲೇ ಕೂತೆ, ಅವಳನ್ನೂ ಎಳೆದು ಕೂರಿಸಿದೆ.

"ಬೆಳಿಗ್ಗೆ ಕಣ್ಣು ಬಿಟ್ಟರೆ ಇನ್ನೂ ಇದ್ದೀನಲ್ಲ ಅನ್ನಿಸುತ್ತೆ ಅಜ್ಜಿ. ಸುಸ್ತು. ನಿದ್ದೆ ಮಾಡಿದರೂ ಸುಸ್ತು. ನೀನು ತೂಗುಹಾಕಿದ್ದೀಯಲ್ಲ, ಆ ಫೋಟೋ ಕೆಳಗೆ ಓಡಾಡೋಕಾಗಲ್ಲ ನನಗೆ."

"ತೆಗೆದುಹಾಕೋಣ."

"ಕೆಲಸ ಯಾವುದೂ ಸಿಕ್ಕಿಲ್ಲ."

"ಕೆಲಸದ ಮನೆ ಹಾಳಾಗಲಿ."

ನೀನು ಎಂದಳು ಎಂಬುದು ಈಗ ಬರೆಯುವಾಗ ನೆನಪಾಗುತ್ತಿದೆ.

ಸೊಸೆಯನ್ನು ಕೂಗಿ ಕರೆದೆ. ಮಗ ಬಂದ. ವ್ಯಾನಿನಲ್ಲಿ ಕೊಡಬೇಕಾದ ಗಂಟುಗಳು ಹಾಗೇ ಇದ್ದವು. ಅವುಗಳ ನಡುವೆ ಅವಳನ್ನು ಕೂರಿಸಿಕೊಂಡು ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವಳಮ್ಮ ಒಂದು ಕೈ, ನಾನು ಒಂದು ಕೈ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ನನ್ನನ್ನು ನೋಡಿ "ಅಮ್ಮ, ನೀವು ಸ್ವಲ್ಪ ಹೊರಗೆ ಕೂತ್ಕೊಳ್ಳಿ" ಎಂದಳು. ನನಗೆ ಹಾಗೆ ಹೇಳಿದವರು ಇಲ್ಲಿಯತನಕ ಇಲ್ಲ. ಕೂತೆ.

ಬಿಸಿಲು ಇತ್ತೋ ಇಲ್ಲವೋ ನೋಡಲಿಲ್ಲ.

ಜುಲೈ 29, ಭಾನುವಾರ

ಅಂಗಡಿ ಮುಚ್ಚಿತ್ತು.

ಆಗಸ್ಟ್ 2, ಗುರುವಾರ

ಮೋಡ.

ಇದು ಕಾಯಿಲೆಯೇ ಅಂತೆ. ಡಾಕ್ಟರು ಬಿಡಿಸಿ ಹೇಳಿದರು. ಮಾತ್ರೆ ಹಿಡಿಯಲು ವಾರಗಳು ಬೇಕು. ಅದರ ಜೊತೆ ಕೂತು ಮಾತಾಡಿಸುವವರೊಬ್ಬರಿದ್ದಾರೆ, ಅಲ್ಲಿಗೂ ಹೋಗಬೇಕು. ಒಬ್ಬಳನ್ನೇ ಬಿಡಬಾರದು. ಮಾತ್ರೆಯ ಡಬ್ಬಿ ಸೊಸೆಯ ಹತ್ತಿರ, ತಾರಸಿಯ ಬೀಗದ ಕೈ ನನ್ನ ಸೊಂಟದಲ್ಲಿ.

"ನಡುವೆ ಚೆನ್ನಾಗೇ ಇದ್ದಳಲ್ಲ ಡಾಕ್ಟರೇ, ಬೇಗ ಎದ್ದು, ನಗ್ತಾ?" ಎಂದು ಮಗ ಕೇಳಿದ.

"ಅದು ಚೇತರಿಕೆ ಅಲ್ಲ. ತೀರ್ಮಾನ ಮಾಡ್ಕೊಂಡವರಿಗೆ ಒಮ್ಮೊಮ್ಮೆ ಹಾಗೆ ನೆಮ್ಮದಿ ಬರುತ್ತೆ. ಅಪಾಯ ದಾಟಿದೆ ಅಂತ ನಾನಿನ್ನೂ ಹೇಳಲ್ಲ. ಮತ್ತೆ ಸುಮ್ಮನೆ ಶಾಂತವಾದರೆ ತಕ್ಷಣ ಕರ್ಕೊಂಡು ಬನ್ನಿ."

ಅವಳು ಮೌನವಾಗಿದ್ದರೆ ಭಯ, ನಕ್ಕರೆ ಇನ್ನೂ ಭಯ. ಸ್ನಾನದ ಮನೆಯಲ್ಲಿ ನೀರಿನ ಸದ್ದು ನಿಂತರೆ ಮೂವರೂ ಬಾಗಿಲ ಹತ್ತಿರ ಬಂದುಬಿಡುತ್ತೇವೆ. ಇವತ್ತು ಒಳಗಿನಿಂದ ಗದರಿದಳು. "ಸೋಪು ಹಚ್ಕೋತಿದ್ದೀನಿ! ಸೋಪು ಹಚ್ಚೋವಾಗಲೂ ನೀರು ಹರೀಬೇಕಾ?" ಮಗ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ.

ಔಷಧಿ ಅಂಗಡಿಯವರ ಹೆಂಡತಿ ಕಟ್ಟೆಗೆ ಬಂದು, "ಏನು, ಮೊಮ್ಮಗಳು ಯಾವಾಗ ಹೊರಡ್ತಾಳೆ?" ಎಂದರು.

"ಹೊರಡಲ್ಲ. ಕೆಲಸ ಸಿಕ್ಕಿಲ್ಲ. ಹುಷಾರಿಲ್ಲ, ಮನೆಯಲ್ಲಿದ್ದಾಳೆ."

"ಅಯ್ಯೋ, ಏನಾಗಿದೆ?"

"ನಿಮ್ಮ ಅಂಗಡಿಗೇ ಚೀಟಿ ಬರುತ್ತೆ, ಔಷಧಿ ಕೊಡೋವಾಗ ನೋಡ್ಕೊಳ್ಳಿ" ಎಂದೆ. ಅವರು ಬೇರೆ ಮಾತು ತೆಗೆದರು.

ಫೋಟೋ ತೆಗೆದು ಬೀರುವಿನಲ್ಲಿಟ್ಟೆ. ಮೊಳೆ ಬರಿದೇ ಕಾಣುತ್ತಿತ್ತು. ಕ್ಲಿಪ್ಪಿನ ಚೀಲ ನೇತುಹಾಕಿದೆ.

ಆಗಸ್ಟ್ 11, ಶನಿವಾರ

ಬಿಸಿಲು ಆಗಾಗ.

ಮಧ್ಯಾಹ್ನ ಅವಳ ಹಾಸಿಗೆಯಲ್ಲೇ ಪಕ್ಕದಲ್ಲಿ ಮಲಗಿದ್ದೆ. ಕಾವಲಿಗೆಂದು ಹೋದವಳು, ನಿದ್ದೆಯೇ ಬಂದುಬಿಟ್ಟಿತು. ಎಚ್ಚರವಾದೊಡನೆ ಪಕ್ಕ ತಡವಿದೆ. ಅವಳು ಅಲ್ಲೇ ಇದ್ದಳು. ಸೂರಿನ ಕಡೆ ನೋಡುತ್ತಿದ್ದಳು.

"ಗೊರಕೆ ಹೊಡೀತೀಯ ಅಜ್ಜಿ."

"ಈ ವಂಶದಲ್ಲಿ ಯಾರೂ ಗೊರಕೆ ಹೊಡೆದಿಲ್ಲ."

ಮತ್ತೆ ಸೂರು ನೋಡತೊಡಗಿದಳು. ಇವತ್ತು ಒಳ್ಳೆಯ ದಿನವೋ ಕೆಟ್ಟದ್ದೋ ಹೇಳಲಾರೆ.

ಸಂಜೆ ಹಲ್ಲಿನ ಡಾಕ್ಟರು ತಾವೇ ಬಂದರು. ಕಾಗದದ ಚೀಟಿ ನೀರಲ್ಲಿ ಕರಗಿ ಅವರ ಕೋಟು ಯಾರದೋ ಮನೆಗೆ ಹೋಗಿತ್ತು. "ಅಮ್ಮ, ಯಾವುದೋ ಗುರುತು ಖಾಲಿ ಆಗುತ್ತೆ, ಅದನ್ನೇ ಕೊಡ್ತೀನಿ ಅಂದಿದ್ರಿ, ಏನಾಯ್ತು?"

"ಆ ಗುರುತು ಖಾಲಿ ಇಲ್ಲ" ಎಂದೆ. ದನಿ ಏರಿತ್ತೇನೋ. ಇಸ್ತ್ರಿಯವನು ಪೆಟ್ಟಿಗೆ ಎತ್ತಿಹಿಡಿದು ನಿಂತುಬಿಟ್ಟ. ಡಾಕ್ಟರಿಗೆ ಕರಿದಾರದ ಒಂದು ಹೊಲಿಗೆ ಹಾಕಿಕೊಟ್ಟೆ. ಬಿಳಿ ಕೋಟಿಗೆ ಕರಿ ಎದ್ದು ಕಾಣುತ್ತದೆ ಎಂದು ಗೊಣಗಿದರು. ಕಾಣಲಿ.

ಆಗಸ್ಟ್ 23, ಗುರುವಾರ

ಮೋಡವೇ. ಗಾಳಿ ಇದೆ, ಹಾಗಾಗಿ ತಡವಾದರೂ ಒಣಗಿತು.

ಅವಳ ಬಟ್ಟೆಗೆ ಗುರುತಿಲ್ಲ. ಮಷೀನಿಗೆ ಹಾಕಿದರೆ ರಾಶಿಯಲ್ಲಿ ಹೋಗುತ್ತದೆ. ಮತ್ತೆ ಹೊಲಿ ಎಂದು ನಾನು ಹೇಳಿಲ್ಲ, ನಾನೂ ಹೊಲಿದಿಲ್ಲ. ಬೇರೆ ಬಕೆಟ್ಟಿನಲ್ಲಿ ಕೈಯಲ್ಲೇ ಒಗೆಯುತ್ತಿದ್ದೇನೆ. "ಮಂಡಿ ನೋವು ಅಂತೀರ, ನಾನು ಒಗೀತೀನಿ ಕೊಡಿ ಅತ್ತೆ" ಎಂದಳು ಸೊಸೆ. ಕೊಡಲಿಲ್ಲ. ಮೊನ್ನೆ ಕೆಟ್ಟ ದಿನವಾಗಿತ್ತು, ಬಾಯಿಗೆ ನೀರೂ ಹಾಕಲಿಲ್ಲ. ಡಾಕ್ಟರ ಬಳಿ ಮತ್ತೆ ಹೋಗಿ ಬಂದೆವು.

ನಿನ್ನೆ, ಏನೋ ಹೊಲಿಯಬೇಕು ಎಂದು ಅಮ್ಮನ ಹತ್ತಿರ ದಾರದ ಡಬ್ಬಿ ಕೇಳಿದಳಂತೆ. ಸೊಸೆ ಕೊಟ್ಟು ಎದುರಿಗೇ ಕೂತಿದ್ದಳಂತೆ.

ಇವತ್ತು ಬಕೆಟ್ಟಿನಲ್ಲಿ ಅವಳ ಅಂಗಿಯ ಕಾಲರು ತಿರುವಿದಾಗ ಒಳಗೆ ಒಂದು ನೀಲಿ ಹೊಲಿಗೆ ಇತ್ತು. ಒಂದೇ. ಹಳೆಯ ತೂತಿನಲ್ಲೂ ಅಲ್ಲ, ಪಕ್ಕದಲ್ಲಿ, ಸೊಟ್ಟಗೆ. ನಮ್ಮ ಅಂಗಡಿಯಲ್ಲಿ ಯಾರಾದರೂ ಅಂಥ ಹೊಲಿಗೆ ಹಾಕಿದ್ದರೆ ಬಿಚ್ಚಿಸಿ ಮತ್ತೆ ಹಾಕಿಸುತ್ತಿದ್ದೆ.

ಒಣಗಿದ ಮೇಲೆ ಅಂಗಿಯನ್ನು ಮಡಿಸಿದೆ. ಕುತ್ತಿಗೆಯವರೆಗೂ ಎಲ್ಲ ಗುಂಡಿ ಹಾಕಿದೆ. ಬೀರುವಿನಲ್ಲಿಡಲು ಹೋದಾಗ ಅವಳು ನಿದ್ದೆಯಲ್ಲಿದ್ದಳು. ಮೂಗಿನ ಹತ್ತಿರ ಬೆರಳಿಟ್ಟು ನೋಡಿದೆ, ಉಸಿರು ಬೆಚ್ಚಗಿತ್ತು. ದಾರದ ಡಬ್ಬಿ ತಲೆದಿಂಬಿನ ಪಕ್ಕದಲ್ಲಿತ್ತು.

ದಾರವನ್ನು ಅಲ್ಲೇ ಬಿಟ್ಟೆ. ಕತ್ತರಿ ಎತ್ತಿಕೊಂಡು ಬಂದೆ.